ಕೊಳಗ ಯಾರದ್ದು?

ಹೋದ ಮಳೆಗಾಲದಲ್ಲಿ ಸಾಗರದ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಜಗಲಿಯ ಮೂಲೆಯಲ್ಲಿ ಭತ್ತ ಅಳೆಯುವ ಹಳೆಯ ಕೊಳಗ ಒಂದಿತ್ತು. ಬಾಯಿಗೆ ಹಿತ್ತಾಳೆ ಪಟ್ಟಿ ಹೊಡೆದದ್ದು. ಒಳಗೆ ಪ್ಲಾಸ್ಟಿಕ್ ಹೂವು ತುಂಬಿದ್ದರು. ಬೆಂಗಳೂರಿನಿಂದ ಬಂದ ಕುಟುಂಬವೊಂದು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡಿತು. "ಎಷ್ಟು ಕ್ಯೂಟ್ ಅಲ್ವಾ ಇದು" ಅಂದಳು ಅವರ ಮಗಳು.

ಕ್ಯೂಟ್ ನಿಜ. ಆದರೆ ಇಂಥದ್ದೇ ಪಾತ್ರೆಯ ಅಳತೆ ಕೇಳಿದ್ದಕ್ಕೆ ಶುರುವಾದ ತಕರಾರಿನಲ್ಲಿ, 1951ರಲ್ಲಿ, ಇದೇ ತಾಲ್ಲೂಕಿನ ಕಾಗೋಡಿನ ಜನ ಜೈಲು ಸೇರಿದ್ದರು. ಆ ವರ್ಷದ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾಗಿದ್ದರು.

ಸಮಾಜಶಾಸ್ತ್ರದಲ್ಲಿ ಒಂದು ಮುಗಿಯದ ಜಗಳ ಇದೆ. ಮನುಷ್ಯ ತನ್ನ ಬದುಕನ್ನು ತಾನೇ ಮಾಡಿಕೊಳ್ಳುತ್ತಾನೋ, ಅಥವಾ ಅವನು ಹುಟ್ಟುವ ಮೊದಲೇ ಸಮಾಜ ಅದನ್ನು ಮಾಡಿಟ್ಟಿರುತ್ತದೋ? ಮಾಡಿಕೊಳ್ಳುವ ಶಕ್ತಿಗೆ ಪುಸ್ತಕದ ಕನ್ನಡದಲ್ಲಿ ಕರ್ತೃತ್ವ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಏಜೆನ್ಸಿ. (ಏಜೆನ್ಸಿ ಅಂದ ಕೂಡಲೇ ನಮಗೆ ನೆನಪಾಗುವುದು ಗ್ಯಾಸ್ ಸಿಲಿಂಡರ್. ಹಾಗಾಗಿ ಆ ಪದ ಇಲ್ಲಿಗೆ ಸಾಕು.) ಮೊದಲೇ ಮಾಡಿಟ್ಟಿರುವುದಕ್ಕೆ ರಚನೆ ಎಂದು ಹೆಸರು. ಇವೆರಡರ ನಡುವೆ ಬದಲಾವಣೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಆ ಜಗಳದ ತಿರುಳು. ಬರೀ ಮಾತಿನಲ್ಲಿ ಕೇಳಿದರೆ ಗಾಳಿ ಗುದ್ದಿದ ಹಾಗೆ ಅನಿಸುತ್ತದೆ. ಒಂದು ಕೊಳಗವನ್ನು ಮುಂದಿಟ್ಟುಕೊಂಡರೆ ಸ್ವಲ್ಪ ಕೈಗೆ ಸಿಗುತ್ತದೆ.

ಅಳೆಯುವವನ ಕೈ

ಆಗ ಸಾಗರ, ಸೊರಬದ ಕಡೆ ಗದ್ದೆ ಒಡೆಯರದ್ದು, ದುಡಿಮೆ ಗೇಣಿದಾರರದ್ದು. ಗೇಣಿದಾರರಲ್ಲಿ ದೀವರು ಎಂಬ ಸಮುದಾಯದವರು ಹೆಚ್ಚು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತವನ್ನು ಒಡೆಯರಿಗೆ ಅಳೆದು ಕೊಡಬೇಕು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿ ಎಷ್ಟು ಖಂಡುಗ ಎಂಬ ಮಾತು ಮೊದಲೇ ಆಗಿರುತ್ತದೆ. ಅದರಲ್ಲಿ ತಕರಾರಿಲ್ಲ. ಆದರೆ ಕೊಳಗ ಎಷ್ಟು ದೊಡ್ಡದು? ಅದು ಒಡೆಯರ ಮನೆಯ ಕೊಳಗ. ಇರಬೇಕಾದ್ದಕ್ಕಿಂತ ಅದು ದೊಡ್ಡದು ಎಂಬುದೇ ಕಾಗೋಡಿನ ರೈತರ ದೂರು.

ಸುಮ್ನೆ ಒಂದು ಲೆಕ್ಕ ಹಾಕೋಣ. ಕೊಳಗ ಕಾಲು ಸೇರು ಜಾಸ್ತಿ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಗೇಣಿ ಹತ್ತು ಖಂಡುಗ. ಅಂದರೆ 200 ಕೊಳಗ. ಜಾಸ್ತಿ ಹೋದ ಭತ್ತ 50 ಸೇರು. ಯಾರೂ ರಾತ್ರಿ ಬಂದು ಕದಿಯಲಿಲ್ಲ. ಯಾರೂ ದೊಣ್ಣೆ ಎತ್ತಲಿಲ್ಲ. ಹಗಲಿನಲ್ಲೇ, ರಾಶಿಗೆ ಪೂಜೆ ಮಾಡಿ, ಎಲ್ಲರ ಎದುರು ಅಳೆದೇ ಹೋಯಿತು.

ರಚನೆ ಅಂದರೆ ದೊಡ್ಡ ಕೋಟೆಯೋ, ಸರ್ಕಾರವೋ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಹೀಗೆ ಒಂದು ಪಾತ್ರೆಯೊಳಗೆ ಕೂತಿರುತ್ತದೆ.

ಫ್ರಾನ್ಸಿನ ಎಮಿಲ್ ಡರ್ಕೈಮ್ 1895ರಲ್ಲಿ ಹೇಳಿದ್ದು ಇದನ್ನೇ. ಸಮಾಜದಲ್ಲಿ ಕೆಲವು ಸಂಗತಿಗಳಿವೆ. ನಾನು ಹುಟ್ಟುವ ಮೊದಲೇ ಇದ್ದವು. ನನ್ನ ಇಷ್ಟಾನಿಷ್ಟ ಕೇಳುವುದಿಲ್ಲ. ಸುಮ್ಮನೆ ಒಪ್ಪಿಕೊಂಡಿದ್ದರೆ ಅವು ಇವೆ ಎಂಬುದೇ ತಿಳಿಯುವುದಿಲ್ಲ, ಮೀರಲು ಹೋದರೆ ಒದೆಯುತ್ತವೆ. ಭಾಷೆ, ದುಡ್ಡು, ಮದುವೆಯ ಕಟ್ಟುಪಾಡು ಎಲ್ಲವೂ ಹಾಗೇ. ಅವರ ಕಾಲದವರೇ ಆದ ಜರ್ಮನಿಯ ಮ್ಯಾಕ್ಸ್ ವೆಬರ್ ಇನ್ನೊಂದು ತುದಿ ಹಿಡಿದರು. ಕೊಳಗ ತಾನಾಗಿ ಅಳೆಯುವುದಿಲ್ಲವಲ್ಲ. ಅಳೆಯುವ ಕೈ ಬೇಕು. ಆ ಕೈಗೆ ಅದು ಹಕ್ಕು. ಕೊಡುವ ಕೈಗೆ ಅದು ಋಣ. ಜನ ತಮ್ಮ ಕೆಲಸಕ್ಕೆ ಏನು ಅರ್ಥ ಕೊಟ್ಟುಕೊಂಡಿದ್ದಾರೆ ಎಂದು ತಿಳಿಯದೆ ಸಮಾಜ ಅರ್ಥವಾಗುವುದಿಲ್ಲ ಎಂಬುದು ವೆಬರ್ ವಾದ.

ಇವರಿಬ್ಬರಿಗೂ ಮೊದಲೇ, 1852ರಲ್ಲಿ, ಕಾರ್ಲ್ ಮಾರ್ಕ್ಸ್ ಎರಡನ್ನೂ ಒಂದೇ ಮಾತಿನಲ್ಲಿ ಹೊಲಿದಿಟ್ಟಿದ್ದರು. ಮನುಷ್ಯರು ತಮ್ಮ ಚರಿತ್ರೆಯನ್ನು ತಾವೇ ಮಾಡುತ್ತಾರೆ, ಆದರೆ ತಮಗೆ ಬೇಕಾದ ಹಾಗೆ ಮಾಡಲು ಆಗುವುದಿಲ್ಲ, ಹಿಂದಿನವರು ಬಿಟ್ಟುಹೋದ ನೆಲದ ಮೇಲೆ ನಿಂತೇ ಮಾಡಬೇಕು ಎಂಬ ಅರ್ಥದ ಮಾತು ಅದು. ಆಮೇಲಿನ ಚರ್ಚೆಯೆಲ್ಲ ಈ ಮಾತಿಗೆ ಬರೆದ ಟಿಪ್ಪಣಿ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ. ಟಿಪ್ಪಣಿ ಮೂಲಕ್ಕಿಂತ ತುಂಬಾ ಉದ್ದವಾಯಿತು, ಅದು ಬೇರೆ ವಿಷಯ.

ಮೈಗೆ ಗೊತ್ತು, ಬಾಯಿಗೆ ಬಾರದು

ಆ ಟಿಪ್ಪಣಿಗಳಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ಆಂಥೊನಿ ಗಿಡೆನ್ಸ್ ಅವರದ್ದು. 1984ರಲ್ಲಿ ಅವರು ತಮ್ಮ ವಾದವನ್ನು ಪೂರ್ತಿಯಾಗಿ ಮುಂದಿಟ್ಟರು. ರಚನೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಎಂದು ಎರಡು ಪಾಲು ಮಾಡಿದ್ದೇ ತಪ್ಪು ಅಂದರು. ರಚನೆ ನಮ್ಮನ್ನು ಕಟ್ಟಿಹಾಕುತ್ತದೆ, ಅದೇ ನಮಗೆ ಕೆಲಸ ಮಾಡಲು ದಾರಿಯನ್ನೂ ಕೊಡುತ್ತದೆ. ನಾವು ಕೆಲಸ ಮಾಡಿದಾಗಲೆಲ್ಲ ಅದು ಮತ್ತೆ ಹುಟ್ಟುತ್ತದೆ. ನಾವು ಮಾಡುವುದು ನಿಲ್ಲಿಸಿದರೆ ಅದಕ್ಕೆ ಬೇರೆ ಆಸರೆ ಇಲ್ಲ.

ಅವರು ಕೊಡುವ ಉದಾಹರಣೆ ಭಾಷೆಯದ್ದು. ನಾನು ಒಂದು ವಾಕ್ಯ ಆಡಿದರೆ ವ್ಯಾಕರಣ ನನ್ನನ್ನು ಕಟ್ಟುತ್ತದೆ. ಆದರೆ ವ್ಯಾಕರಣ ಇಲ್ಲದೆ ನಾನು ಮಾತಾಡಲಾರೆ. ನಾವೆಲ್ಲ ಮಾತಾಡುತ್ತಿರುವುದರಿಂದಲೇ ಆ ವ್ಯಾಕರಣ ಉಳಿದಿದೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಖಾರವಾದ ಉದಾಹರಣೆ ಇದೆ. ನೀನು, ನೀವು. ಐವತ್ತು ವರ್ಷದ ಆಳಿಗೆ ಹತ್ತು ವರ್ಷದ ಒಡೆಯರ ಮಗ "ಬಾರೋ" ಅನ್ನುತ್ತಿದ್ದ. ಆಳು ಆ ಹುಡುಗನಿಗೆ "ಬನ್ನಿ" ಅನ್ನುತ್ತಿದ್ದ. ಯಾವ ಕಾಯಿದೆಯಲ್ಲೂ ಇದನ್ನು ಬರೆದಿರಲಿಲ್ಲ. ಪ್ರತಿದಿನ ಎರಡು ಬಾಯಿಗಳಲ್ಲಿ ಅದು ಹೊಸದಾಗಿ ಹುಟ್ಟುತ್ತಿತ್ತು.

ಜಗಲಿಯೂ ಹಾಗೆಯೇ. ಮಲೆನಾಡಿನ ದೊಡ್ಡ ಮನೆಗಳಿಗೆ ಹೋದವರಿಗೆ ಗೊತ್ತು. ಯಾರು ಮೇಲಿನ ಜಗಲಿಯಲ್ಲಿ ಕೂರಬೇಕು, ಯಾರು ಕೆಳಗಿನ ಮೆಟ್ಟಿಲಲ್ಲಿ, ಯಾರು ಅಂಗಳ ದಾಟಬಾರದು ಎಂಬುದಕ್ಕೆ ಬೋರ್ಡು ಇರಲಿಲ್ಲ. ಕಾಲಿಗೆ ಗೊತ್ತಿತ್ತು. ಕಾಲು ತಾನೇ ಅಲ್ಲಿ ನಿಲ್ಲುತ್ತಿತ್ತು.

ರಚನೆಯಲ್ಲಿ ಎರಡು ಸಾಮಾನುಗಳಿವೆ ಎಂದು ಗಿಡೆನ್ಸ್ ಹೇಳುತ್ತಾರೆ. ಒಂದು ನಿಯಮ, ಇನ್ನೊಂದು ಸಂಪನ್ಮೂಲ. ಕೊಳಗದಲ್ಲಿ ಎರಡೂ ಇವೆ ನೋಡಿ. ಗೇಣಿ ಹೀಗೇ ಅಳೆಯಬೇಕು ಎಂಬುದು ನಿಯಮ. ಗದ್ದೆ ಒಡೆಯರ ಹೆಸರಿನಲ್ಲಿದೆ, ಮುಂದಿನ ವರ್ಷ ಗೇಣಿಗೆ ಕೊಡುವುದು ಬಿಡುವುದು ಅವರ ಕೈಲಿದೆ ಎಂಬುದು ಸಂಪನ್ಮೂಲ. ಬರೀ ನಿಯಮ ಇದ್ದು ಗದ್ದೆ ಅವರ ಕೈಲಿ ಇಲ್ಲದಿದ್ದರೆ ಜನ ಮೊದಲ ಸುಗ್ಗಿಗೇ ನಕ್ಕು ಎದ್ದುಹೋಗುತ್ತಿದ್ದರು.

ಇಲ್ಲಿ ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕೊಳಗ ದೊಡ್ಡದು ಎಂದು ಆ ಜನಕ್ಕೆ ಗೊತ್ತಿರಲಿಲ್ವಾ? ದಡ್ಡರಾ?

ಗೊತ್ತಿರದೆ ಇರುತ್ತದೆಯೇ. ವರ್ಷವಿಡೀ ಬಗ್ಗಿ ನಾಟಿ ಮಾಡಿದವನಿಗೆ, ಹೊರೆ ಹೊತ್ತವಳಿಗೆ, ರಾಶಿಯ ಎತ್ತರ ಕಣ್ಣಳತೆಯಲ್ಲೇ ಗೊತ್ತು. ಗಿಡೆನ್ಸ್ ಅವರ ವಾದದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಜಾಗ. ಅರಿವಿನಲ್ಲಿ ಎರಡು ಬಗೆ ಅನ್ನುತ್ತಾರೆ ಅವರು. ಒಂದು, ಮಾಡುವಾಗ ಬರುವ ಅರಿವು. ಸೈಕಲ್ ತುಳಿಯುವವನಿಗೆ ಬ್ಯಾಲೆನ್ಸ್ ಗೊತ್ತು, ಹೇಳು ಅಂದರೆ ಹೇಳಲಾರ. ಇನ್ನೊಂದು, ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಅರಿವು. ಕೊಳಗದ ವಿಷಯ ಮೊದಲ ಬಗೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಯ ಒಲೆ ಮುಂದೆ ಗೊಣಗಾಟವಾಗಿ, ಗಾದೆಯಾಗಿ, ಒಡೆಯರು ಆ ಕಡೆ ತಿರುಗಿದಾಗ ಒಂದು ನಗುವಾಗಿ ಓಡಾಡುತ್ತಿತ್ತು. ಕಣದಲ್ಲಿ ನಾಲ್ಕು ಜನರ ಎದುರು ಬಾಯಿಂದ ಬರುತ್ತಿರಲಿಲ್ಲ.

ಅದನ್ನು ಬಾಯಿಗೆ ತಂದದ್ದು ರೈತ ಸಂಘ. ಎಚ್. ಗಣಪತಿಯಪ್ಪ ಸಾಗರ ತಾಲ್ಲೂಕಿನಲ್ಲಿ ಗೇಣಿದಾರರನ್ನು ಸೇರಿಸಿ ಅದನ್ನು ಕಟ್ಟಿದರು. ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿ ಪಕ್ಷದ ಗೆಳೆಯರು ಜೊತೆಯಾದರು. ಮಾತು ಸಣ್ಣದು. ಅಳತೆ ಸರಿಯಾದ ಕೊಳಗದಲ್ಲಿ ಆಗಲಿ. ಗದ್ದೆ ನಮ್ಮದು ಅಂತ ಆಗ ಯಾರೂ ಶುರುಮಾಡಲಿಲ್ಲ. ಆದರೆ ಒಡೆಯರಿಗೆ ತಕ್ಷಣ ಅರ್ಥವಾಯಿತು. ಇವತ್ತು ಕೊಳಗ ಅಳೆದರೆ ನಾಳೆ ಗೇಣಿಯನ್ನೇ ಅಳೆಯುತ್ತಾರೆ, ನಾಡಿದ್ದು ಒಡೆತನವನ್ನೇ. ಹಾಗಾಗಿ ಜಗಳ ಭತ್ತದಿಂದ ಭೂಮಿಗೆ ಏರಿತು. ಉಳಲು ಭೂಮಿ ಬಿಡಲಿಲ್ಲ. ಜನ ನೇಗಿಲು ಹಿಡಿದು ಗದ್ದೆಗೆ ಇಳಿದರು. ಇಳಿದವರನ್ನು ಪೊಲೀಸರು ಹಿಡಿದರು. ಮರುದಿನ ಮತ್ತೊಂದು ಗುಂಪು ಇಳಿಯಿತು. ಇದೇ ಕಾಗೋಡು ಸತ್ಯಾಗ್ರಹ.

ಗಮನಿಸಬೇಕಾದ ವಿಷಯ ಒಂದಿದೆ. ಅವರು ಬಳಸಿದ ಯಾವ ಆಯುಧವೂ ಹೊಸದಾಗಿ ಹುಟ್ಟಿದ್ದಲ್ಲ. "ಅಳತೆಯಲ್ಲಿ ಮೋಸ ಮಾಡಬಾರದು" ಎಂಬುದು ಒಡೆಯರೂ ಒಪ್ಪುವ ಧರ್ಮ. ಸತ್ಯಾಗ್ರಹ ಗಾಂಧೀಜಿ ಕಲಿಸಿದ್ದು, ಬ್ರಿಟಿಷರ ವಿರುದ್ಧ ಬಳಸಿದ್ದು. ನಾವೂ ಪ್ರಜೆಗಳು ಎಂಬ ಮಾತಿಗೆ 1950ರ ಸಂವಿಧಾನದ ಬಲ ಇತ್ತು. ಒಂದು ಕಡೆ ಕಲಿತ ನಿಯಮವನ್ನು ಇನ್ನೊಂದು ಕಡೆಗೆ ಒಯ್ದು ನೆಟ್ಟರು, ಅಷ್ಟೆ. ಅಮೆರಿಕದ ಇತಿಹಾಸಕಾರ ವಿಲಿಯಂ ಸೀವೆಲ್ 1992ರಲ್ಲಿ ಗಿಡೆನ್ಸ್ ಅವರ ವಾದವನ್ನು ತಿದ್ದುತ್ತಾ ಹೇಳಿದ್ದು ಇದನ್ನೇ. ಸಮಾಜದಲ್ಲಿ ಒಂದೇ ರಚನೆ ಇರುವುದಿಲ್ಲ, ಹಲವು ಇರುತ್ತವೆ. ಅವು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಒಂದರ ಪಾಠವನ್ನು ಇನ್ನೊಂದರಲ್ಲಿ ಆಡಿ ತೋರಿಸುವ ಜಾಣ್ಮೆ ಎಲ್ಲ ಮನುಷ್ಯರಲ್ಲೂ ಇರುತ್ತದೆ. ಕರ್ತೃತ್ವ ಅಂದರೆ ಆ ಜಾಣ್ಮೆ.

ನಮ್ಮ ತಾಳಮದ್ದಳೆ ಕೇಳಿದವರಿಗೆ ಇದು ಬೇಗ ತಿಳಿಯುತ್ತದೆ. ಪ್ರಸಂಗ ಮೊದಲೇ ಬರೆದಿದೆ. ಪದ್ಯ ಭಾಗವತರು ಹಾಡುತ್ತಾರೆ. ವಾಲಿ ಸಾಯಲೇಬೇಕು. ಆದರೆ ಸಾಯುವ ಮೊದಲು ರಾಮನಿಗೆ ಏನು ಕೇಳಬೇಕು ಎಂಬುದನ್ನು ಯಾರೂ ಬರೆದುಕೊಟ್ಟಿಲ್ಲ. ಒಳ್ಳೆಯ ಅರ್ಥಧಾರಿ ರಾಮನ ಧರ್ಮದ ಮಾತನ್ನೇ ಎತ್ತಿಕೊಂಡು ರಾಮನನ್ನೇ ಬೆವರಿಳಿಸುತ್ತಾನೆ. ಮುಂದಿನ ಊರಿನಲ್ಲಿ ರಾಮನ ಪಾತ್ರ ವಹಿಸುವವನು ಅದಕ್ಕೆ ಉತ್ತರ ಹುಡುಕಿಕೊಂಡೇ ಬರಬೇಕು. ಪದ್ಯ ಅದೇ, ಪ್ರಸಂಗ ಅದೇ, ಆಟ ಬೇರೆಯಾಗಿರುತ್ತದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಎಷ್ಟು ಚೆನ್ನಾಗಿ ವಾದಿಸಿದರೂ ತಾಳಮದ್ದಳೆಯ ವಾಲಿ ಬದುಕಲಾರ. ಕಾಗೋಡಿನವರು ಕಡೆಗೆ ಕೇಳಿದ್ದು ಪ್ರಸಂಗವನ್ನೇ ತಿದ್ದಿ ಅಂತ.

ಇಪ್ಪತ್ತಮೂರು ವರ್ಷ

ತಿದ್ದಲು ಎಷ್ಟು ಕಾಲ ಹಿಡಿಯಿತು ನೋಡಿ. 1951ರ ಸತ್ಯಾಗ್ರಹದಿಂದ ಆ ಕ್ಷಣಕ್ಕೆ ಯಾರ ಹೆಸರಿಗೂ ಗದ್ದೆ ಬರಲಿಲ್ಲ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ಶಾಸನಸಭೆಗೆ ಹೋದರು. ಗದ್ದೆಯ ಜಗಳ ಸದನಕ್ಕೆ ಹೋಯಿತು. 1961ರಲ್ಲಿ ಭೂಸುಧಾರಣೆ ಕಾಯಿದೆ ಆಯಿತು, 1965ರಲ್ಲಿ ಜಾರಿಗೆ ಬಂತು. ಅದರಲ್ಲಿ ಸ್ವಂತ ಬೇಸಾಯಕ್ಕೆ ಬೇಕು ಎಂದು ಒಡೆಯರು ಭೂಮಿ ವಾಪಸು ಪಡೆಯಲು ದಾರಿ ಇತ್ತು. ಕಡೆಗೆ ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಮಾಡುತ್ತಿತ್ತು. ಆ ವಿಚಾರಣೆಗೆ ವಕೀಲರನ್ನು ತರುವ ಹಾಗಿರಲಿಲ್ಲ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಅವರಿಗೆ ಇದು ನೋಡಲು ಸಿಗಲಿಲ್ಲ.

ಕಾಯಿದೆ ಬಂದಮೇಲೆ ಎಲ್ಲ ಸರಿಯಾಯಿತು ಅಂದುಕೊಂಡರೆ ಅಲ್ಲೇ ಥಿಯರಿಯ ಇನ್ನೊಂದು ತಿರುವು ಕಾದಿದೆ. ಅರ್ಜಿಯ ಹೆಸರು ನಮೂನೆ 7. ಮಲೆನಾಡಿನಲ್ಲಿ ಇವತ್ತಿಗೂ ಹಳಬರು "ಡಿಕ್ಲರೇಷನ್ ಕೊಟ್ಟಿದ್ದು" ಅನ್ನುತ್ತಾರೆ. ಅದನ್ನು ಕೊಡಲು 1979ರ ಜೂನ್ 30ರವರೆಗೂ ಅವಕಾಶ ಇತ್ತು. ಕೊಡದೆ ಉಳಿದವರೂ ಇದ್ದರು. ಕೆಲವರಿಗೆ ಹೆದರಿಕೆ. ಕೆಲವರಿಗೆ ಕಾಗದಪತ್ರ ಗೊತ್ತಿಲ್ಲ. ಇನ್ನು ಕೆಲವರ ಕಥೆ ಬೇರೆ. ನನ್ನ ಪರಿಚಯದ ಹಿರಿಯರೊಬ್ಬರನ್ನು ಕೇಳಿದ್ದೆ, ನಿಮ್ಮಪ್ಪ ಯಾಕೆ ಅರ್ಜಿ ಹಾಕಲಿಲ್ಲ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಡ ಮನೆ ಜಂತೆ ಎಣಿಸೋದು ಹ್ಯಾಂಗೆ ಅಂದ್ರು" ಅಂದರು.

ಕಾಯಿದೆ ಬದಲಾಗಿದೆ. ಕೊಳಗದ ಕಾಲ ಮುಗಿದಿದೆ. ಆದರೆ ಕಾಲು ಇನ್ನೂ ಅಂಗಳದಲ್ಲೇ ನಿಂತಿದೆ. ಇದನ್ನು ಅರ್ಥಮಾಡಿಸಲು ನಮಗೆ ಪಿಯರ್ ಬೋರ್ಡಿಯೊ ಬೇಕು.

ಗೋಡೆಗೆ ಒರಗಿ ನಿಂತವರು

ಬೋರ್ಡಿಯೊ ಹುಟ್ಟಿದ್ದು 1930ರಲ್ಲಿ, ಫ್ರಾನ್ಸಿನ ನೈಋತ್ಯ ಮೂಲೆಯ ಬೆಯಾರ್ನ್ ಎಂಬ ಸೀಮೆಯ ಹಳ್ಳಿಯಲ್ಲಿ. ಅವರ ತಾತ ಪಾಲಿಗೆ ಬೇಸಾಯ ಮಾಡುತ್ತಿದ್ದವರು. ಅಪ್ಪ ಅಂಚೆ ಇಲಾಖೆ ಸೇರಿದರು. ಮಗ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರೊಫೆಸರ್ ಆದರು. ಸಮಾಜದಲ್ಲಿ ನಾವು ಹುಟ್ಟಿ ಬೆಳೆದ ಜಾಗ ನಮ್ಮ ಮೈಯೊಳಗೆ ಇಳಿದು ಕೂರುತ್ತದೆ ಎಂಬುದು ಅವರ ಮುಖ್ಯ ಮಾತು. ಹೇಗೆ ನಡೆಯಬೇಕು, ಯಾರ ಮುಂದೆ ದನಿ ತಗ್ಗಿಸಬೇಕು, ಯಾವುದು ನಮ್ಮಂಥವರಿಗೆ ಅಲ್ಲ ಎಂಬುದೆಲ್ಲ ಯೋಚನೆಗೂ ಮೊದಲೇ ಮೈಗೆ ಬಂದುಬಿಡುತ್ತದೆ. ಇದಕ್ಕೆ ಅವರು ಹ್ಯಾಬಿಟಸ್ ಅಂದರು. ನಾನು ಮೈಗೂಡಿದ್ದು ಅನ್ನುತ್ತೇನೆ. ರೂಢಿ ಅನ್ನಬಹುದು, ಆದರೆ ರೂಢಿ ಅಂದರೆ ಬಿಡಬಹುದು ಅನಿಸುತ್ತದೆ. ಇದು ಅಷ್ಟು ಸುಲಭಕ್ಕೆ ಬಿಡುವುದಲ್ಲ.

ಮೈಗೂಡಿದ್ದು ನಿಧಾನ. ಹೊರಗಿನ ಜಗತ್ತು ಒಮ್ಮೊಮ್ಮೆ ಅದಕ್ಕಿಂತ ವೇಗವಾಗಿ ಬದಲಾಗುತ್ತದೆ. ಆಗ ಎರಡಕ್ಕೂ ತಾಳ ತಪ್ಪುತ್ತದೆ. ಇದನ್ನು ಅವರು ಕಂಡದ್ದು ತಮ್ಮ ಸೀಮೆಯಲ್ಲೇ. 1962ರಲ್ಲಿ ಪ್ರಕಟವಾದ ಅವರ ಒಂದು ಬರಹ ಬೆಯಾರ್ನ್‌ನ ಮದುವೆಯಾಗದ ರೈತರ ಬಗ್ಗೆ. ಕ್ರಿಸ್‌ಮಸ್ ಹೊತ್ತಿನಲ್ಲಿ ಹಳ್ಳಿಯಲ್ಲಿ ಕುಣಿತ. ಪೇಟೆಯ ಬಟ್ಟೆ ಹಾಕಿದ ಹುಡುಗರು ಹುಡುಗಿಯರ ಜೊತೆ ಕುಣಿಯುತ್ತಿದ್ದಾರೆ. ಬದಿಯಲ್ಲಿ ಗುಂಪಾಗಿ ನಿಂತು ನೋಡುತ್ತಿರುವವರು ಮೂವತ್ತು ದಾಟಿದ ಗಂಡಸರು. ಅವರು ಭಿಕಾರಿಗಳಲ್ಲ. ಹಲವರು ಜಮೀನಿನ ವಾರಸುದಾರರಾದ ಹಿರಿಮಕ್ಕಳು. ಒಂದು ತಲೆಮಾರಿನ ಹಿಂದೆ ಅವರಿಗೇ ಮೊದಲ ಬೇಡಿಕೆ. ಈಗ ಹುಡುಗಿಯರ ಕಣ್ಣು ಪೇಟೆಯ ಕಡೆ. ಆ ಗಂಡಸರ ಮೈ ಕುಣಿಯಲೂ ಬಾರದ ಮೈ.

ಇದನ್ನು ಓದಿದಾಗ ನನಗೆ ತೀರ್ಥಹಳ್ಳಿ, ಸಾಗರದ ಮದುವೆ ಮನೆಗಳು ಕಣ್ಣಿಗೆ ಬಂದವು. ಊಟದ ಹಾಲ್‌ನಲ್ಲಿ ಬಡಿಸಲು ಮುಂದೆ ನಿಲ್ಲುವ, ಮೂವತ್ತೆಂಟು, ನಲವತ್ತರ ಹುಡುಗರು. ಅವರನ್ನು ಇನ್ನೂ ಹುಡುಗರು ಅಂತಲೇ ಕರೆಯುತ್ತೇವೆ, ಮದುವೆಯಾಗಿಲ್ಲವಲ್ಲ. ನಾಲ್ಕು ಎಕರೆ ಅಡಿಕೆ ತೋಟ ಇದೆ. ಮನೆ ಮುಂದೆ ಕಾರಿದೆ. ಅಡಿಕೆಗೆ ರೇಟು ಇದೆ. ಹೆಣ್ಣು ಸಿಗುತ್ತಿಲ್ಲ. ತೋಟ ಇರುವ ಮನೆಯೇ ಬೇಕು ಅನ್ನುತ್ತಿದ್ದ ಅದೇ ಅಮ್ಮಂದಿರು ಈಗ ಮಗಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನನ್ನು ಹುಡುಕುತ್ತಾರೆ.

ಊರಿನ ಪಂಚಾಯಿತಿಕಟ್ಟೆಯಲ್ಲಿ ಇದಕ್ಕೆ ಹುಡುಗಿಯರ ಸೊಕ್ಕು ಎಂಬ ತೀರ್ಪು ಬಂದಾಗಿದೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ತೋಟದ ಮನೆಗೆ ಸೊಸೆಯಾಗಿ ಹೋದರೆ ಬೆಳಗಿನ ಕೊಟ್ಟಿಗೆಯಿಂದ ಹಿಡಿದು ಕೊನೆಕೊಯ್ಲಿನಲ್ಲಿ ಹತ್ತಾಳಿನ ಊಟ, ರಾತ್ರಿ ಅಡಿಕೆ ಸುಲಿಯುವುದರವರೆಗೆ ಕೆಲಸ. ಪಹಣಿಯಲ್ಲಿ ಹೆಸರು ಮಾವನದ್ದೋ, ಗಂಡನದ್ದೋ. ಇದನ್ನು ಅಮ್ಮ ಮೈಯಲ್ಲಿ ಅರಿತಿದ್ದಳು, ಹೇಳಿರಲಿಲ್ಲ. ಮಗಳು "ನಂಗೆ ಬೇಡ" ಎಂದು ಎರಡೇ ಪದದಲ್ಲಿ ಹೇಳಿದಳು. ಅಮ್ಮನೇ ಮಗಳನ್ನು ಓದಿಸಿದ್ದು ಯಾಕೆ ಅಂತ ಯೋಚಿಸಿ. ಕಣದಲ್ಲಿ ಕೊಳಗದ ಮಾತೆತ್ತಿದ್ದಕ್ಕೂ ಇದಕ್ಕೂ ನಂಟಿದೆ. ಇಲ್ಲಿ ಸಂಘ ಇಲ್ಲ, ಘೋಷಣೆ ಇಲ್ಲ, ಬಂಧನ ಇಲ್ಲ. ಒಬ್ಬೊಬ್ಬಳೂ ಒಂದೊಂದು ಜಾತಕವನ್ನು ವಾಪಸು ಕಳಿಸಿದಳು. ಊರಿನ ರಚನೆ ಅಲ್ಲಾಡಿತು. ಸಾಮಾಜಿಕ ಬದಲಾವಣೆ ಅಂದ ಕೂಡಲೇ ಮೆರವಣಿಗೆಯನ್ನೇ ಹುಡುಕುವವರಿಗೆ ಇದು ಕಾಣುವುದಿಲ್ಲ.

ಹಾಗಂತ ಗೋಡೆಗೆ ಒರಗಿ ನಿಂತ ಆ ಹುಡುಗರ ಕಷ್ಟ ಸುಳ್ಳಲ್ಲ. ಅಪ್ಪ ಅಮ್ಮನ ಮಾತು ಕೇಳಿ ತೋಟ ನೋಡಿಕೊಂಡಿದ್ದೇ ಅವರು ಮಾಡಿದ ತಪ್ಪು. ಆಟದ ನಿಯಮವನ್ನು ಸರಿಯಾಗಿ ಪಾಲಿಸಿದರು. ಅಷ್ಟರಲ್ಲಿ ಆಟವೇ ಬೇರೆಯಾಗಿತ್ತು.

ತೋಟ ಹಾಕಿದ್ದು ಯಾರು

ಗಿಡೆನ್ಸ್ ಅವರನ್ನು ಒಪ್ಪದವರಲ್ಲಿ ಬ್ರಿಟನ್ನಿನ ಮಾರ್ಗರೆಟ್ ಆರ್ಚರ್ ಮುಖ್ಯರು. ರಚನೆ ಮತ್ತು ಮನುಷ್ಯ ಒಂದೇ ನಾಣ್ಯದ ಎರಡು ಮುಖ ಅಂದುಬಿಟ್ಟರೆ ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯುವುದು ಹೇಗೆ ಎಂಬುದು ಅವರ ತಕರಾರು. ಎರಡನ್ನೂ ಕಲಸಿದರೆ ಕಾಲವೇ ಕಳೆದುಹೋಗುತ್ತದೆ. ಅವರು ಹೇಳುವ ಕ್ರಮ ಹೀಗೆ. ಮೊದಲು ಹಿಂದಿನವರು ಬಿಟ್ಟುಹೋದ ಸ್ಥಿತಿ. ಅದರೊಳಗೆ ಇಂದಿನವರ ತಿಕ್ಕಾಟ. ಅದರಿಂದ ಹಳೆಯದೇ ಉಳಿಯಬಹುದು ಅಥವಾ ಹೊಸ ಸ್ಥಿತಿ ಹುಟ್ಟಬಹುದು. ಹುಟ್ಟಿದ್ದು ಯಾರು ಬಯಸಿದ್ದರೋ ಪೂರ್ತಿ ಹಾಗೆ ಇರುವುದಿಲ್ಲ. ಮತ್ತೆ ಅದು ಮುಂದಿನವರಿಗೆ ಮೊದಲ ಸ್ಥಿತಿ.

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಆಮೇಲೆ ದಶಕಗಳ ಕಾಲ ಮರ ನಿಂತಿರುತ್ತದೆ. ಅಂದರೆ ನಾನು ಇವತ್ತು ಬದುಕುತ್ತಿರುವುದು ಅಜ್ಜ ಮಾಡಿದ ತೀರ್ಮಾನದ ನೆರಳಿನಲ್ಲಿ. ಮರವನ್ನು ಕಡಿಯುವ ಸ್ವಾತಂತ್ರ್ಯ ನನಗಿದೆ, ಆದರೆ ಅಜ್ಜ ಅದನ್ನು ನೆಡಲಿಲ್ಲ ಅಂತ ಮಾಡಲು ಬರುವುದಿಲ್ಲ. ಈಗ ರೇಟು ಚೆನ್ನಾಗಿದೆ ಎಂದು ಗದ್ದೆಗೂ ಸಸಿ ಇಡುತ್ತಿದ್ದಾರೆ. ಒಬ್ಬೊಬ್ಬರ ಲೆಕ್ಕ ಸರಿಯೇ. ಎಲ್ಲರೂ ಸೇರಿ ಮಾಡಿದ್ದು ಬೇರೆ. ನಾಟಿ ಹಾಡು ಕೇಳುತ್ತಿದ್ದ ಬಯಲಿನಲ್ಲಿ ಈಗ ಅಡಿಕೆ ಸಾಲು. ಎಲೆಚುಕ್ಕೆ ರೋಗ ಬಂದರೆ ತೋಟದಿಂದ ತೋಟಕ್ಕೆ ದಾಟುತ್ತದೆ. ಇದನ್ನು ಯಾರೂ ಬಯಸಿರಲಿಲ್ಲ. ಮಾಡಿದವರು ಮಾತ್ರ ನಾವೇ.

1974ರ ಕಾಯಿದೆಗೂ ಹೀಗೇ ಬಾಲ ಬೆಳೆಯಿತು. ಗೇಣಿದಾರನಿಗೆ ಭೂಮಿ ಸಿಕ್ಕಿತು, ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನಿಗೆ ಸಿಗಲಿಲ್ಲ. ಕಾಯಿದೆಯ ಕಣ್ಣಿಗೆ ಕಂಡದ್ದು ಉಳುವವನು. ಅವನ ಗದ್ದೆಯಲ್ಲಿ ಕಳೆ ಕೀಳುವವಳು ಕಾಣಲಿಲ್ಲ. ಭೂಮಿ ಬಂದ ಮನೆಯ ಮಕ್ಕಳು ಓದಿದರು. ಓದಿದವರು ಊರು ಬಿಟ್ಟರು. ಅಧಿಕಾರದ ಲೆಕ್ಕವೂ ಬದಲಾಯಿತು. ಸೊರಬದ ಎಸ್. ಬಂಗಾರಪ್ಪ, ಸಮಾಜವಾದಿಯಾಗಿ 1967ರಲ್ಲಿ ಮೊದಲ ಸಲ ಗೆದ್ದ ದೀವರ ಮನೆಯ ಹುಡುಗ, 1990ರಲ್ಲಿ ಮುಖ್ಯಮಂತ್ರಿಯಾದರು. ಕೊಳಗದ ಅಳತೆ ಕೇಳಿದವರು ಇಷ್ಟನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಿರಲಾರರು.

ಇನ್ನೊಂದು ರಚನೆ ನೀರಿನದ್ದು. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿನ್ನೀರು ತುಂಬಿ ತುಮರಿ ಕಡೆಯ ಊರುಗಳು ಸಾಗರದಿಂದ ಬೇರೆಯಾದವು. ಅಲ್ಲಿಯ ಮೂರು ತಲೆಮಾರು ಲಾಂಚಿನ ಟೈಮಿಗೆ ಬದುಕು ಹೊಂದಿಸಿಕೊಂಡಿತು. ಆಸ್ಪತ್ರೆ, ಕಾಲೇಜು, ನೆಂಟರ ಮನೆಯ ಮದುವೆ ಎಲ್ಲವೂ ಸಂಜೆಯ ಕೊನೆಯ ಲಾಂಚಿಗೆ ಮುಗಿಯಬೇಕು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಸೇತುವೆ ಬಂದಮೇಲೂ ಆ ಕಡೆಯ ನನ್ನ ಗೆಳೆಯನೊಬ್ಬ ಸಾಗರಕ್ಕೆ ಬಂದರೆ ನಾಲ್ಕು ಗಂಟೆಗೇ ಚಡಪಡಿಸುತ್ತಾನೆ. "ಲಾಂಚ್ ಇಲ್ಲ ಮಾರಾಯ, ಕೂತ್ಕೋ" ಅಂದರೆ ನಗುತ್ತಾನೆ. ಐದು ನಿಮಿಷಕ್ಕೆ ಮತ್ತೆ ವಾಚು ನೋಡುತ್ತಾನೆ. ಬೋರ್ಡಿಯೊ ಇದ್ದಿದ್ದರೆ ಅವನ ವಾಚಿನ ಬಗ್ಗೆಯೇ ಒಂದು ಅಧ್ಯಾಯ ಬರೆಯುತ್ತಿದ್ದರು.

ಈ ಪಂಡಿತರಲ್ಲಿ ಯಾರು ಸರಿ? ನನ್ನನ್ನು ಕೇಳಿದರೆ ಆರ್ಚರ್ ಕಾಲದ ಬಗ್ಗೆ ಸರಿ, ಬೋರ್ಡಿಯೊ ಮೈಯ ಬಗ್ಗೆ ಸರಿ. ಆದರೆ ಬದಲಾವಣೆ ಯಾವ ಗಳಿಗೆಯಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಗಿಡೆನ್ಸ್ ಹೇಳಿದ ಆ ಸಣ್ಣ ಜಾಗವೇ ನನಗೆ ಮುಖ್ಯ. ಎಲ್ಲರ ಮೈಗೂ ಗೊತ್ತಿದ್ದ ಒಂದು ವಿಷಯ ಯಾರದೋ ಬಾಯಲ್ಲಿ ಮಾ‌ತಾಗುವ ಜಾಗ.

ಹೋದ ತಿಂಗಳು ಅಡಿಕೆ ಕೊಡಲು ಒಂದು ಮಂಡಿಗೆ ಹೋಗಿದ್ದೆ. ಈಗ ಕೊಳಗ ಇಲ್ಲ, ಡಿಜಿಟಲ್ ತಕ್ಕಡಿ. ಕೆಂಪು ಅಂಕಿ ಮಿನುಗುತ್ತದೆ. ಚೀಲ ಇಟ್ಟರು, ಅಂಕಿ ಬಂತು, ಗುಮಾಸ್ತ ಚೀಟಿಯಲ್ಲಿ ಬರೆದ. ತಕ್ಕಡಿ ತೋರಿಸಿದ್ದಕ್ಕಿಂತ ಅವನು ಬರೆದದ್ದು ಸ್ವಲ್ಪ ಕಡಿಮೆ. ಚೀಲದ ತೂಕ, ತೇವ ಅಂತ ಕಳೆಯುತ್ತಾರೆ. ಎಷ್ಟು ಕಳೆದರು ಅಂತ ಯಾರೂ ಕೇಳುವುದಿಲ್ಲ. ನಾನೂ ಇಷ್ಟು ವರ್ಷ ಕೇಳಿಲ್ಲ. ಮುಂದಿನ ವರ್ಷ ಮುಂಗಡ ಬೇಕಾಗುತ್ತದಲ್ಲ.

ನನ್ನ ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಅಪ್ಪನ ಜೊತೆ ಬಂದವಳು, ಇಪ್ಪತ್ತೆರಡು ಇರಬಹುದು. ಅವರ ಸರದಿ ಬಂತು. ಚೀಲ ಇಟ್ಟರು, ಅಂಕಿ ಬಂತು, ಗುಮಾಸ್ತ ಬರೆದ.

"ಚೀಲಕ್ಕೆ ಎಷ್ಟು ಹಿಡಿದ್ರಿ?" ಅಂದಳು ಅವಳು.

ಅಪ್ಪ ಅವಳ ಕೈ ಮೆಲ್ಲಗೆ ಎಳೆದ. ಗುಮಾಸ್ತ ಪೆನ್ನು ನಿಲ್ಲಿಸಿ ತಲೆ ಎತ್ತಿದ.

"ಖಾಲಿ ಚೀಲ ಒಂದು ಇಡಿ," ಅಂದಳು. "ನೋಡೋಣ."